ಫಸ್ಟ್ ಲೆಗ್ ಸ್ಕೋರ್ ನೋಡಿ ಸೆಕೆಂಡ್ ಲೆಗ್ ಹೇಳ್ಬಹುದಾ?

ಪ್ರಶ್ನೆ: ಸರ್, 2025ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್‌ನ ಫಸ್ಟ್ ಲೆಗ್‌ನಲ್ಲಿ (ಎರಡು ಮ್ಯಾಚ್ ಆಡಿ ಗೋಲ್ ಕೂಡಿಸೋ ಸ್ಪರ್ಧೆಯ ಮೊದಲ ಮ್ಯಾಚ್) ಲಿವರ್‌ಪೂಲ್ ಪ್ಯಾರಿಸ್‌ಗೆ ಹೋಗಿ ಅಲ್ಲಿನ ಕ್ಲಬ್ ಪಿಎಸ್‌ಜಿನ 1-0 ಸೋಲಿಸಿ ಬಂತು. ಸೆಕೆಂಡ್ ಲೆಗ್ ಲಿವರ್‌ಪೂಲ್ ತವರು ಆನ್‌ಫೀಲ್ಡ್‌ನಲ್ಲಿ. ಚಾಂಪಿಯನ್ಸ್ ಲೀಗ್ ಟೇಬಲ್‌ನಲ್ಲಿ ನಂಬರ್ ಒನ್, ಫಾರ್ಮ್ ಸೂಪರ್, ನಾನು ಓದಿದ ಪ್ರಿವ್ಯೂ ಎಲ್ಲಾ ಲಿವರ್‌ಪೂಲ್ ಕಡೆನೇ ಇತ್ತು. ಆದ್ರೂ ಔಟ್. ಹಾಗಾದ್ರೆ ಈ ಫಾರ್ಮು, ಹೆಡ್ ಟು ಹೆಡ್ಡು, ಎಕ್ಸ್‌ಜಿ ಎಲ್ಲಾ ಬರೀ ಟೈಂಪಾಸಾ? ಸೆಕೆಂಡ್ ಲೆಗ್‌ಗೆ ಮುಂಚೆ ನಿಜವಾಗ್ಲೂ ಏನು ನೋಡ್ಬೇಕು? 0-3 ಹಿಂದಿದ್ರೆ ಆಸೆ ಇಟ್ಕೋಬಹುದಾ?

ಉತ್ತರ: ಟೈಂಪಾಸ್ ಅಲ್ಲ. ಆದ್ರೆ ಪ್ರಿವ್ಯೂಗಳಲ್ಲಿ ಬರೋ ನಂಬರ್‌ಗಳಲ್ಲಿ ಮುಕ್ಕಾಲು ಪಾಲು ನೀವು ಕೇಳ್ತಿರೋ ಪ್ರಶ್ನೆಗೆ ಸಂಬಂಧನೇ ಇಲ್ಲದ್ದು. ಹೋಮ್ ರೆಕಾರ್ಡು, ಕಳೆದ 5 ಮ್ಯಾಚು, ಇವೆಲ್ಲ 0-0ಯಿಂದ ಶುರುವಾಗೋ ಮ್ಯಾಚ್‌ಗಳ ಲೆಕ್ಕ. ಸೆಕೆಂಡ್ ಲೆಗ್ ಹಾಗೆ ಶುರುವಾಗಲ್ಲ, ಅದು ಕ್ರಿಕೆಟ್‌ನ ಚೇಸ್ ಇದ್ದಂಗೆ, ರೆಫರಿ ವಿಸಿಲ್ ಊದೋ ಹೊತ್ತಿಗೇ ಒಂದು ಟಾರ್ಗೆಟ್ ಇರತ್ತೆ, ಒಬ್ಬರಿಗೆ ಡ್ರಾ ಸಾಕು, ಇನ್ನೊಬ್ಬರಿಗೆ ಸಾಲಲ್ಲ, ಆಟ ಆಡೋ ರೀತಿನೇ ಬದಲಾಗಿಬಿಡತ್ತೆ. ಅದಕ್ಕೇ ನಾನು ಮೊದಲು ನೋಡೋದು ಫಸ್ಟ್ ಲೆಗ್ ಸ್ಕೋರ್ ಎಷ್ಟು ಅಂತಲ್ಲ, ಆ ಸ್ಕೋರ್ ಹೆಂಗೆ ಬಂತು ಅಂತ.

ನೀವೇ ಎತ್ತಿದ ಮ್ಯಾಚ್ ತಗೊಳ್ಳಿ. ಮಾರ್ಚ್ 5, ಪಾರ್ಕ್ ದೆ ಪ್ರಿನ್ಸ್ ಸ್ಟೇಡಿಯಂ. ಪಿಎಸ್‌ಜಿ ಹೊಡೆದ ಶಾಟ್ 27, ಲಿವರ್‌ಪೂಲ್ ಹೊಡೆದಿದ್ದು 2. ಹೌದು, ಎರಡೇ. ಲಿವರ್‌ಪೂಲ್ ಕೀಪರ್ ಆಲಿಸನ್ 9 ಸೇವ್ ಮಾಡಿದ. ಫಸ್ಟ್ ಹಾಫ್‌ನಲ್ಲಿ ಪಿಎಸ್‌ಜಿಯ ಕ್ವಾರಾಟ್ಸ್‌ಖೇಲಿಯಾ ಹಾಕಿದ ಒಂದು ಗೋಲು ವಿಎಆರ್‌ನಲ್ಲಿ (ವಿಡಿಯೋ ನೋಡಿ ತೀರ್ಪು ಪರಿಶೀಲಿಸೋದು) ಆಫ್‌ಸೈಡ್ ಅಂತ ಹೋಯ್ತು. ಕೊನೆಗೆ ಸಲಾನ ಹೊರಗೆ ಕರೆಸ್ಕೊಂಡು ಹಾರ್ವೆ ಎಲಿಯಟ್‌ನ ಇಳಿಸಿದ್ರು, ಇಳಿದು ಒಂದು ನಿಮಿಷ ಆಗಿತ್ತೋ ಇಲ್ವೋ, 87ನೇ ನಿಮಿಷದಲ್ಲಿ ಡಾರ್ವಿನ್ ನೂನ್ಯೆಸ್ ಡಿಫೆಂಡರ್‌ನ ತಡೆದು ಹಿಡಿದು ಬಾಲ್ ಕೊಟ್ಟ, ಎಲಿಯಟ್ ಗೋಲ್ ಹೊಡೆದ. ಸ್ಕೋರ್‌ಬೋರ್ಡ್ 1-0. ಮಾರನೇ ದಿನ ಟೇಬಲ್ ನೋಡೋನಿಗೆ ಇದು ‘ಅವೇ ವಿನ್, ಕ್ಲೀನ್ ಶೀಟ್’. ಮ್ಯಾಚ್ ನೋಡಿದೋನಿಗೆ ಗೊತ್ತು ಇದು ಗೋಲ್‌ಕೀಪರ್ ಒಬ್ಬನೇ ಕಾಪಾಡಿ ತಂದ ಗೆಲುವು ಅಂತ. ಆಲಿಸನ್ ಆವತ್ತಿನ ಆಟನ ಆರು ದಿನ ಬಿಟ್ಟು ಮತ್ತೆ ಆಡ್ತಾನೆ ಅಂದ್ಕೊಳ್ಳೋದಕ್ಕಿಂತ ಪಿಎಸ್‌ಜಿ ಅಷ್ಟೇ ಚಾನ್ಸ್ ಮತ್ತೆ ಮಾಡ್ಕೊಳ್ತಾರೆ ಅಂದ್ಕೊಳ್ಳೋದು ಹೆಚ್ಚು ಸೇಫ್. ಚಾನ್ಸ್ ಮಾಡ್ಕೊಳ್ಳೋದು ಟೀಮ್‌ನ ಅಭ್ಯಾಸ, ವಾರ ವಾರ ಅದು ಹೆಚ್ಚುಕಮ್ಮಿ ಹಂಗೇ ಇರತ್ತೆ. ಒಬ್ಬ ಕೀಪರ್ ಒಂದು ರಾತ್ರಿ ದೇವರಾಗೋದು ಹಂಗಲ್ಲ.

ಇಲ್ಲಿ ಒಂದು ಮುಖ್ಯವಾದ ವಿಷ್ಯ, ಇದನ್ನ ತುಂಬಾ ಜನ ಬಿಟ್ಟುಬಿಡ್ತಾರೆ. ಶಾಟ್ ಎಣಿಸುವಾಗ ಆ ಹೊತ್ತಲ್ಲಿ ಸ್ಕೋರ್ ಎಷ್ಟಿತ್ತು ಅಂತ ಕೇಳ್ಬೇಕು. ಹಿಂದಿರೋ ಟೀಮ್ ಸಾಮಾನ್ಯವಾಗಿ ಜಾಸ್ತಿ ಶಾಟ್ ಹೊಡೆಯತ್ತೆ, ಯಾಕಂದ್ರೆ ಮುಂದಿರೋರು ಬಾಲ್ ಬಿಟ್ಟುಕೊಟ್ಟು ಬಾಕ್ಸ್ ಮುಂದೆ ಗುಂಪು ಕಟ್ಕೊಂಡು ನಿಂತಿರ್ತಾರೆ. 2024ರ ಏಪ್ರಿಲ್ 17ರ ಮ್ಯಾಂಚೆಸ್ಟರ್ ಸಿಟಿ-ರಿಯಲ್ ಮ್ಯಾಡ್ರಿಡ್ ಸೆಕೆಂಡ್ ಲೆಗ್ ನೋಡಿ, ಸಿಟಿ 33 ಶಾಟ್ ಹೊಡೆದ್ರು, ರಿಯಲ್ 8, ಆದ್ರೆ ರಿಯಲ್‌ನ ರಾಡ್ರಿಗೋ 12ನೇ ನಿಮಿಷಕ್ಕೇ ಗೋಲ್ ಹಾಕಿದ್ದ, ಡಿ ಬ್ರೂಯ್ನ ಈಕ್ವಲ್ ಮಾಡಿದ್ದು 76ಕ್ಕೆ, ನಡುವೆ ಒಂದು ಗಂಟೆಗಿಂತ ಜಾಸ್ತಿ ರಿಯಲ್‌ನವರು ಬೇಕಂತಲೇ ಹಿಂದೆ ಕೂತಿದ್ರು. ಆ 33ರಲ್ಲಿ ಒಂದು ಪಾಲು ರಿಯಲ್‌ನವರೇ ‘ಹೊಡ್ಕೊಳ್ಳಪ್ಪಾ ದೂರದಿಂದ’ ಅಂತ ಬಿಟ್ಟುಕೊಟ್ಟಿದ್ದು. ಕೊನೆಗೆ ಪೆನಾಲ್ಟಿಯಲ್ಲಿ 4-3 ರಿಯಲ್ ಗೆದ್ರು. ಆದ್ರೆ ಪ್ಯಾರಿಸ್‌ನಲ್ಲಿ 87ನೇ ನಿಮಿಷದವರೆಗೂ 0-0. ಅಂದ್ರೆ ಲಿವರ್‌ಪೂಲ್‌ಗೆ ಲೀಡ್ ಕಾಪಾಡೋ ಕಾರಣ ಇರ್ಲಿಲ್ಲ, ಅವರಿಗೆ ಬಾಲ್ ಸಿಗ್ತಾ ಇರ್ಲಿಲ್ಲ ಅಷ್ಟೇ. 33-8ಗಿಂತ 27-2 ನನಗೆ ಭಯಂಕರವಾಗಿ ಕಂಡಿದ್ದು ಅದಕ್ಕೇ.

ಎಕ್ಸ್‌ಜಿ ಬಗ್ಗೆ ಕೇಳಿದ್ರಿ. ಪ್ರತಿ ಶಾಟ್‌ಗೂ, ಅಂಥ ಜಾಗದಿಂದ ಅಂಥ ಶಾಟ್ ಹಿಂದೆ ಎಷ್ಟು ಸಲ ಗೋಲಾಗಿದೆ ಅಂತ ನೋಡಿ 0ಯಿಂದ 1ರ ಒಳಗೆ ಒಂದು ಬೆಲೆ ಕಟ್ತಾರೆ. ಪೆನಾಲ್ಟಿಗೆ 0.76ರಿಂದ 0.79, ದೂರದಿಂದ ಸುಮ್ನೆ ಬಾರಿಸಿದ್ದಕ್ಕೆ 0.03 ಥರ. ಎಲ್ಲಾ ಕೂಡಿಸಿದ್ರೆ ಆ ಟೀಮ್‌ನ ಎಕ್ಸ್‌ಜಿ. ಒಳ್ಳೇ ಸಾಧನ, ಒಪ್ತೀನಿ, ಆದ್ರೆ ಒಂದೇ ಮ್ಯಾಚ್‌ನ ಎಕ್ಸ್‌ಜಿ ಇಟ್ಕೊಂಡು ‘1.4 ವರ್ಸಸ್ 1.1, ಸೋ ಇವ್ರೇ ಬೆಟರ್’ ಅನ್ನೋದು ಮಕ್ಕಳಾಟ. ಕಂಪನಿಯಿಂದ ಕಂಪನಿಗೆ ಲೆಕ್ಕ ಬೇರೆ ಬರತ್ತೆ, ಮತ್ತೆ ಗೋಲ್ ಮುಂದೆ ಹಾದು ಹೋದ ಕ್ರಾಸ್‌ಗೆ ಯಾರೂ ಕಾಲು ತಾಗಿಸ್ದೇ ಇದ್ರೆ ಅದಕ್ಕೆ ಸೊನ್ನೆ, ಅದು ಎಷ್ಟೇ ಡೇಂಜರಸ್ ಆಗಿದ್ರೂ. ವ್ಯತ್ಯಾಸ ಎರಡು ಮೂರು ಪಟ್ಟು ಇದ್ರೆ ಮಾತ್ರ ನಾನು ಗಂಭೀರವಾಗಿ ತಗೊಳ್ಳೋದು.

ಈಗ ಫಾರ್ಮ್. ನಾಕ್‌ಔಟ್‌ಗೆ ಮುಂಚಿನ ಲೀಗ್ ಫೇಸ್‌ನಲ್ಲಿ ಲಿವರ್‌ಪೂಲ್ 8ರಲ್ಲಿ 7 ಗೆದ್ದು ಮೊದಲ ಸ್ಥಾನ. ಸೋತಿದ್ದೂ ಎಲ್ಲಾ ಸೆಟ್ಲ್ ಆದ್ಮೇಲೆ ಪಿಎಸ್‌ವಿ ಎದುರು, ಬದಲಿ ಆಟಗಾರರನ್ನ ಇಳಿಸಿದ ಮ್ಯಾಚ್. ಪಿಎಸ್‌ಜಿ 13 ಪಾಯಿಂಟ್, 15ನೇ ಸ್ಥಾನ. ಪೇಪರ್ ಮೇಲೆ ಹೋಲಿಕೆನೇ ಇಲ್ಲ. ಆದ್ರೆ ಆ 13 ಪಾಯಿಂಟ್ ಯಾವ ಪಿಎಸ್‌ಜಿದು? ಆರ್ಸೆನಲ್, ಅಟ್ಲೆಟಿಕೊ, ಬಾಯರ್ನ್ ಮೂರೂ ಟೀಮ್ ಎದುರು ಸೋತಿದ್ದು 2024ರಲ್ಲಿ. ಜನವರಿಲಿ ನಾಪೋಲಿಯಿಂದ ಕ್ವಾರಾಟ್ಸ್‌ಖೇಲಿಯಾ ಬಂದ, ಕೋಚ್ ಲೂಯಿಸ್ ಎನ್ರಿಕೆ ಡೆಂಬೆಲೆನ ವಿಂಗ್‌ನಿಂದ ಎತ್ತಿ ನಡುವೆ ಹಾಕಿದ, ಸಿಟಿ ಎದುರು 0-2 ಹಿಂದಿದ್ದು 4-2 ಗೆದ್ರು, ಸ್ಟುಟ್‌ಗಾರ್ಟ್ ಎದುರು ಡೆಂಬೆಲೆ ಹ್ಯಾಟ್ರಿಕ್, ಪ್ಲೇಆಫ್‌ನಲ್ಲಿ ಬ್ರೆಸ್ಟ್‌ನ ಎರಡು ಲೆಗ್ ಸೇರಿ 10-0 ಬಾರಿಸಿದ್ರು. ಸೀಸನ್ ಪೂರ್ತಿ ಟೇಬಲ್ ನೋಡಿದೋರಿಗೆ ಸೆಪ್ಟೆಂಬರ್‌ನ ಪಿಎಸ್‌ಜಿ ಕಾಣತ್ತೆ, ಆನ್‌ಫೀಲ್ಡ್‌ಗೆ ಬಂದಿದ್ದು ಫೆಬ್ರವರಿಯ ಪಿಎಸ್‌ಜಿ. ಕಳೆದ 5 ಮ್ಯಾಚ್ ಅಂತ ಹಸಿರು ಚುಕ್ಕೆ ಹಾಕ್ತಾರಲ್ಲ, ಅದೂ ಕೈ ಹಿಡಿಯಲ್ಲ. ಎರಡು ಲೆಗ್ ನಡುವೆ ಶನಿವಾರ ಲಿವರ್‌ಪೂಲ್ ಸೌತಾಂಪ್ಟನ್‌ನ 3-1 ಸೋಲಿಸ್ತು, ಪಿಎಸ್‌ಜಿ ರೆನ್‌ನ 4-1 ಸೋಲಿಸ್ತು, ಇಬ್ಬರಿಗೂ ಹಸಿರು. ಇದ್ರಿಂದ ನಿಮಗೆ ಏನು ಗೊತ್ತಾಯ್ತು? ಏನೂ ಇಲ್ಲ. ಫಾರ್ಮ್ ನೋಡೋದಾದ್ರೆ ಯಾವ ದಿನಾಂಕದಿಂದ ಎಣಿಸಬೇಕು ಅನ್ನೋದೇ ಅರ್ಧ ಕೆಲಸ. ಟೀಮ್ ಯಾವತ್ತು ಬದಲಾಯ್ತೋ ಆವತ್ತಿಂದ ಎಣಿಸಿ.

ಹಾಗಂತ ಇತ್ತೀಚಿನ ಫಾರ್ಮ್ ಯಾವಾಗ್ಲೂ ಸುಳ್ಳು ಅಂತಲ್ಲ. 2019ರಲ್ಲಿ ರಿಯಲ್ ಮ್ಯಾಡ್ರಿಡ್ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಯಾಕ್ಸ್‌ನ 2-1 ಸೋಲಿಸಿತ್ತು. ಸತತ ಮೂರು ಸಲ ಕಪ್ ಗೆದ್ದ ಟೀಮ್, ಸೆಕೆಂಡ್ ಲೆಗ್ ತವರಲ್ಲಿ, ಎಲ್ರೂ ಮುಗೀತು ಅಂದ್ಕೊಂಡ್ರು. ಆದ್ರೆ ಆ ಫಸ್ಟ್ ಲೆಗ್ ನೋಡಿದ್ರೆ ಚೆನ್ನಾಗಿ ಆಡಿದ್ದು ಅಯಾಕ್ಸ್, ಅವರ ಟಾಗ್ಲಿಯಾಫಿಕೋ ಗೋಲ್ ವಿಎಆರ್‌ನಲ್ಲಿ ರದ್ದಾಗಿತ್ತು. ಸೆಕೆಂಡ್ ಲೆಗ್‌ಗೆ ಮುಂಚಿನ ಒಂದೇ ವಾರದಲ್ಲಿ ರಿಯಲ್ ಬರ್ನಾಬ್ಯೂನಲ್ಲೇ ಬಾರ್ಸಿಲೋನಾ ಕೈಲಿ ಎರಡು ಸಲ ಸೋತಿತ್ತು, ಕಪ್‌ನಲ್ಲಿ 0-3, ಲೀಗ್‌ನಲ್ಲಿ 0-1. ಅದ್ರ ಮೇಲೆ ಡಿಫೆಂಡರ್ ರಾಮೋಸ್ ಇಲ್ಲ. ಯಾಕಿಲ್ಲ ಅಂದ್ರೆ ಫಸ್ಟ್ ಲೆಗ್ ಕೊನೆಯಲ್ಲಿ ಬೇಕಂತಲೇ ಯೆಲ್ಲೋ ಕಾರ್ಡ್ ತಗೊಂಡಿದ್ದ, ಹೆಂಗೂ ದಾಟ್ತೀವಿ, ಈಗ್ಲೇ ಸಸ್ಪೆನ್ಷನ್ ಮುಗಿಸ್ಕೊಂಡು ಕ್ವಾರ್ಟರ್‌ಗೆ ಕ್ಲೀನ್ ಆಗಿ ಹೋಗೋಣ ಅನ್ನೋ ಲೆಕ್ಕ. ಅದನ್ನ ಟೂರ್ನಿ ನಡೆಸೋ ಯುಯೆಫಾ ಹಿಡಿದು ಇನ್ನೊಂದು ಮ್ಯಾಚ್ ಬ್ಯಾನ್ ಸೇರಿಸ್ತು. ಮಾರ್ಚ್ 5ಕ್ಕೆ ಅವನು ಮೇಲೆ ಬಾಕ್ಸ್‌ನಲ್ಲಿ ಕೂತು ನೋಡ್ತಿದ್ದ, ಕೆಳಗೆ ಅಯಾಕ್ಸ್ 4-1 ಹೊಡೀತು. ಅಂದ್ರೆ ಫಸ್ಟ್ ಲೆಗ್‌ನ ಆಟ, ಆ ವಾರದ ಫಾರ್ಮು, ಇಲ್ಲದ ಡಿಫೆಂಡರ್, ಮೂರೂ ಒಂದೇ ಕಡೆ ಬೆರಳು ತೋರಿಸ್ತಿತ್ತು, ಇನ್ನೊಂದು ಕಡೆ ಇದ್ದಿದ್ದು ಹಳೇ ಕಪ್‌ಗಳು ಮಾತ್ರ.

ಹೆಡ್ ಟು ಹೆಡ್ ಬಗ್ಗೆ ಜಾಸ್ತಿ ಹೇಳಲ್ಲ. ಲಿವರ್‌ಪೂಲ್-ಪಿಎಸ್‌ಜಿ ಹಳೇ ಮ್ಯಾಚ್ ಅಂದ್ರೆ 1997ರ ಕಪ್ ವಿನ್ನರ್ಸ್ ಕಪ್ ಸೆಮಿಫೈನಲ್ಲು, 2018ರ ಗ್ರೂಪ್ ಮ್ಯಾಚ್‌ಗಳು. 1997ರಲ್ಲಿ ಆಡಿದೋರಲ್ಲಿ ಯಾರಿದ್ದಾರೆ ಈಗ? 2018ರ ಪಿಎಸ್‌ಜಿ ಅಂದ್ರೆ ನೆಯ್ಮಾರ್, ಎಂಬಾಪೆ, ಕವಾನಿ, ಮೂವರೂ ಹೋಗಾಯ್ತು. ಅದೇ ಕೋಚು, ಹೆಚ್ಚುಕಮ್ಮಿ ಅದೇ ಟೀಮು ಮತ್ತೆ ಮತ್ತೆ ಎದುರಾದ್ರೆ ಮಾತ್ರ ಇದಕ್ಕೆ ಬೆಲೆ, ರಿಯಲ್‌ನ ಆಂಚೆಲೊಟ್ಟಿ, ಸಿಟಿಯ ಗಾರ್ಡಿಯೋಲಾ 2022ರಿಂದ 2025ರ ತನಕ ಪ್ರತಿ ವರ್ಷ ಎದುರಾದ್ರಲ್ಲ ಹಾಗೆ.

ಇನ್ನು ‘ಸೆಕೆಂಡ್ ಲೆಗ್ ಹೋಮ್‌ನಲ್ಲಿ ಆಡೋರೇ ಜಾಸ್ತಿ ದಾಟ್ತಾರೆ’ ಅನ್ನೋ ಮಾತು. ಅಂಕಿಅಂಶ ಸುಳ್ಳಲ್ಲ, ಅದಕ್ಕೆ ಕೊಡೋ ಕಾರಣ ತಪ್ಪು. ರೌಂಡ್ ಆಫ್ 16ರಲ್ಲಿ ಸೆಕೆಂಡ್ ಲೆಗ್ ತವರಲ್ಲಿ ಯಾರಿಗೆ ಸಿಗತ್ತೆ? ಮೊದಲು ಗ್ರೂಪ್ ಗೆದ್ದೋರಿಗೆ, ಈಗ ಟೇಬಲ್‌ನಲ್ಲಿ ಮೇಲಿರೋರಿಗೆ. ಬಲವಾದ ಟೀಮ್‌ಗೇ ಆ ಸೌಲಭ್ಯ ಕೊಟ್ಟು, ಆಮೇಲೆ ಅವರು ಗೆದ್ದಾಗ ಸ್ಟೇಡಿಯಂನಿಂದ ಗೆದ್ರು ಅಂದ್ರೆ ಹೆಂಗೆ? ತವರಿನ ಲಾಭ ಇದ್ದೇ ಇದೆ, ಆದ್ರೆ ಅದು ಮೊದಲಿನಷ್ಟಿಲ್ಲ. 2021ರಲ್ಲಿ ಅವೇ ಗೋಲ್ ರೂಲ್ (ಎರಡು ಲೆಗ್ ಸೇರಿ ಸಮ ಆದ್ರೆ ಎದುರಾಳಿ ಊರಲ್ಲಿ ಜಾಸ್ತಿ ಗೋಲ್ ಹಾಕಿದೋರು ದಾಟೋ ನಿಯಮ) ತೆಗೀವಾಗ ಯುಯೆಫಾನೇ ಕೊಟ್ಟ ಲೆಕ್ಕ ಇದೆ: 1970ರ ದಶಕದ ನಡುವಿಂದ ಈಚೆಗೆ ತವರಲ್ಲಿ ಗೆಲ್ಲೋದು 61%ರಿಂದ 47%ಗೆ ಇಳಿದಿದೆ, ಹೊರಗೆ ಗೆಲ್ಲೋದು 19%ರಿಂದ 30%ಗೆ ಏರಿದೆ. ಪಿಚ್ ಎಲ್ಲಾ ಕಡೆ ಒಂದೇ ಥರ ಆಗಿದೆ, ಪ್ರಯಾಣ ಸುಲಭ, ಕ್ಯಾಮೆರಾ ಮುಂದೆ ರೆಫರಿ ಜನರ ಕೂಗಿಗೆ ಬಗ್ಗೋದು ಕಮ್ಮಿ.

ಆ ಅವೇ ಗೋಲ್ ರೂಲ್ ಹೋಗಿದ್ದು ಬರೀ ಸಣ್ಣ ಬದಲಾವಣೆ ಅಲ್ಲ, ಹಳೇ ರೆಕಾರ್ಡ್ ಓದೋ ರೀತಿನೇ ಬದಲಾಗ್ಬೇಕು. 2018ರಲ್ಲಿ ರೋಮಾ ಬಾರ್ಸಿಲೋನಾನ ಹೊರಗೆ ಹಾಕಿದ್ದು ಅಗ್ರಿಗೇಟ್ (ಎರಡು ಲೆಗ್ ಸೇರಿದ ಸ್ಕೋರ್) 4-4, ಅವೇ ಗೋಲ್ ಮೇಲೆ. 2019ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪ್ಯಾರಿಸ್‌ನಲ್ಲಿ 3-1 ಗೆದ್ದಿದ್ದು ಅಗ್ರಿಗೇಟ್ 3-3, ಅದೂ ಅವೇ ಗೋಲ್. ಅದೇ ವರ್ಷ ಲೂಕಾಸ್ ಮೌರಾ ಕೊನೇ ಕ್ಷಣದ ಗೋಲಿಂದ ಟಾಟೆನಂ ಅಯಾಕ್ಸ್‌ನ ದಾಟಿದ್ದೂ 3-3. ಈಗಿನ ರೂಲ್‌ನಲ್ಲಿ ಈ ಮೂರೂ ಎಕ್ಸ್‌ಟ್ರಾ ಟೈಮ್‌ಗೆ ಹೋಗ್ತಿತ್ತು, ಆಮೇಲೆ ಯಾರು ಅಂತ ಯಾರಿಗ್ ಗೊತ್ತು. ಲಿವರ್‌ಪೂಲ್-ಪಿಎಸ್‌ಜಿಗೆ ಮಾತ್ರ ಹಳೇ ರೂಲ್ ಇದ್ದಿದ್ರೂ ವ್ಯತ್ಯಾಸ ಇರ್ಲಿಲ್ಲ, 1-0, 0-1, ಇಬ್ಬರದ್ದೂ ಒಂದೊಂದು ಅವೇ ಗೋಲ್.

0-3 ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇದನ್ನ ಪ್ರತಿ ಏಪ್ರಿಲ್‌ನಲ್ಲೂ ಯಾರಾದ್ರೂ ಕೇಳ್ತಾರೆ. ಚಾಂಪಿಯನ್ಸ್ ಲೀಗ್ ನಾಕ್‌ಔಟ್‌ನಲ್ಲಿ 2025ರ ಏಪ್ರಿಲ್‌ವರೆಗೆ ಫಸ್ಟ್ ಲೆಗ್‌ನಲ್ಲಿ 3 ಅಥವಾ ಅದಕ್ಕಿಂತ ಜಾಸ್ತಿ ಗೋಲ್ ಅಂತರದಿಂದ ಹಿಂದೆ ಬಿದ್ದು ದಾಟಿದೋರು ನಾಲ್ಕೇ ಟೀಮ್: 2004ರಲ್ಲಿ ಡೆಪೋರ್ಟಿವೋ ಮಿಲಾನ್ ಎದುರು, 2017ರಲ್ಲಿ ಬಾರ್ಸಿಲೋನಾ ಪಿಎಸ್‌ಜಿ ಎದುರು, 2018ರಲ್ಲಿ ರೋಮಾ, 2019ರಲ್ಲಿ ಲಿವರ್‌ಪೂಲ್, ಈ ಕೊನೆಯ ಎರಡೂ ಬಾರ್ಸಿಲೋನಾ ಎದುರೇ. ನಾಲ್ಕೂ ಸಲ ಸೆಕೆಂಡ್ ಲೆಗ್ ತವರಲ್ಲಿ. ಈ ನಾಲ್ಕು ನಮಗೆ ಬಾಯಿಪಾಠ, ದಾಟದೇ ಸುಮ್ನೆ ಮನೆಗೆ ಹೋದೋರು ಯಾರಿಗೂ ನೆನಪಿರಲ್ಲ, ಅದಕ್ಕೇ ರಿಮೊಂಟಾಡಾ (ಹಿಂದೆ ಬಿದ್ದು ತಿರುಗಿ ಗೆಲ್ಲೋದು) ಅನ್ನೋದು ನಿಜಕ್ಕಿಂತ ಸುಲಭ ಅನ್ಸತ್ತೆ. ಆದ್ರೆ ಈ ನಾಲ್ಕರಲ್ಲಿ ಕೆಲವದ್ರ ಫಸ್ಟ್ ಲೆಗ್ ಬಿಚ್ಚಿ ನೋಡಿದ್ರೆ ಒಂದಿಷ್ಟು ಸುಳಿವು ಸಿಗತ್ತೆ. ರೋಮಾ ಕ್ಯಾಂಪ್ ನೌನಲ್ಲಿ 1-4 ಸೋತಿತ್ತು, ಆ ನಾಲ್ಕರಲ್ಲಿ ಎರಡು ಸೆಲ್ಫ್ ಗೋಲು, ಒಂದು ಡಿ ರೊಸ್ಸಿದು, ಒಂದು ಮನೋಲಾಸ್‌ದು. ವಿಚಿತ್ರ ನೋಡಿ, ಸೆಕೆಂಡ್ ಲೆಗ್‌ನಲ್ಲಿ ಜೆಕೊ ಒಂದು ಹಾಕಿದ್ಮೇಲೆ ಉಳಿದ ಎರಡನ್ನ ಹಾಕಿದ್ದೂ ಇವರಿಬ್ಬರೇ. 2019ರಲ್ಲಿ ಲಿವರ್‌ಪೂಲ್ ಕ್ಯಾಂಪ್ ನೌನಲ್ಲಿ 0-3 ಸೋತ್ರೂ ಆಟ ಸಮಸಮ ಇತ್ತು, ಸಲಾ ಹೊಡೆದಿದ್ದು ಪೋಸ್ಟ್‌ಗೆ ಬಡೀತು, ಮೆಸ್ಸಿಯ ಆ ಫ್ರೀ ಕಿಕ್‌ನ ಯಾರು ತಾನೇ ತಡೀತಿದ್ರು. ಆನ್‌ಫೀಲ್ಡ್‌ನಲ್ಲಿ ಸಲಾ, ಫರ್ಮಿನೊ ಇಬ್ಬರೂ ಇಲ್ಲದೇ 4-0. 2017ರ ಬಾರ್ಸಿಲೋನಾ ಮಾತ್ರ ಯಾವ ಲೆಕ್ಕಕ್ಕೂ ಬಗ್ಗಲ್ಲ, ಪ್ಯಾರಿಸ್‌ನಲ್ಲಿ 0-4 ನ್ಯಾಯವಾಗೇ ಸೋತಿದ್ರು, ಸೆಕೆಂಡ್ ಲೆಗ್‌ನಲ್ಲಿ 87 ನಿಮಿಷ ಆದಾಗ ಇನ್ನೂ ಮೂರು ಗೋಲ್ ಬೇಕಿತ್ತು, 88, 90+1, 90+5ಕ್ಕೆ ಮೂರೂ ಬಂತು. ಇದನ್ನ ಯಾವ ಮಾಡೆಲ್‌ಗೂ ಹಾಕಕ್ಕಾಗಲ್ಲ, ಹಾಕಲೂಬಾರ್ದು.

ಈಗ ಇದನ್ನ 2025ರ ಆರ್ಸೆನಲ್-ರಿಯಲ್ ಕ್ವಾರ್ಟರ್ ಪಕ್ಕ ಇಡಿ. ಲಂಡನ್‌ನಲ್ಲಿ 3-0, ಮೊದಲ ಎರಡು ಡೆಕ್ಲನ್ ರೈಸ್ ಡೈರೆಕ್ಟ್ ಫ್ರೀ ಕಿಕ್. ಅದಕ್ಕೂ ಮುಂಚೆ ಅವನು ಪ್ರೊ ಫುಟ್‌ಬಾಲ್‌ನಲ್ಲಿ ಒಂದೂ ಡೈರೆಕ್ಟ್ ಫ್ರೀ ಕಿಕ್ ಗೋಲ್ ಹಾಕಿರ್ಲಿಲ್ಲ. ನಾನು ಮೇಲೆ ಹೇಳಿದ್ದನ್ನೇ ಅರ್ಧಂಬರ್ಧ ಹಿಡ್ಕೊಂಡ್ರೆ, ‘ಲಕ್ಕಿ ಗೋಲು, ಬರ್ನಾಬ್ಯೂನಲ್ಲಿ ತಿರುಗತ್ತೆ’ ಅಂದುಬಿಡ್ಬಹುದು, ಅಂದೋರೂ ಇದ್ರು. ಆದ್ರೆ ಪ್ರಶ್ನೆ ಆರ್ಸೆನಲ್ ಗೋಲ್ ಹೆಂಗೆ ಬಂತು ಅನ್ನೋದು ಒಂದೇ ಅಲ್ಲ, ರಿಯಲ್ ಏನ್ ಮಾಡ್ತು ಅನ್ನೋದೂ ಹೌದು. ರಿಯಲ್ ಕೀಪರ್ ಕುರ್ಟ್ವಾ ಇಲ್ಲದಿದ್ರೆ ಇನ್ನೂ ಜಾಸ್ತಿ ಬೀಳ್ತಿತ್ತು, ಮುಂದೆ ಎಂಬಾಪೆ, ವಿನಿಸಿಯಸ್ ಇದ್ರೂ ನಡುವಿಂದ ಬಾಲ್ ತಂದುಕೊಡೋರು ಇರ್ಲಿಲ್ಲ, ಕಮವಿಂಗಾ ಕೊನೇ ನಿಮಿಷದಲ್ಲಿ ಎರಡನೇ ಯೆಲ್ಲೋ ತಗೊಂಡು ಸೆಕೆಂಡ್ ಲೆಗ್‌ಗೂ ಇಲ್ಲ. ಮೂರು ಗೋಲ್ ಬೇಕಾದ ಟೀಮ್, ಒಂದು ಗೋಲಿಗೂ ದಾರಿ ಕಾಣ್ತಿರ್ಲಿಲ್ಲ. ಏಪ್ರಿಲ್ 16ಕ್ಕೆ ಆರ್ಸೆನಲ್ ಅಲ್ಲೂ 2-1 ಗೆದ್ರು, ಅದೂ ಸಾಕಾ ಹೊಡೆದ ಪೆನಾಲ್ಟಿನ ಕುರ್ಟ್ವಾ ಹಿಡಿದ ಮೇಲೂ. ಹಿಂದಿರೋರಿಗೆ ಆಸೆ ಇದ್ಯಾ ಅಂತ ಕೇಳಿದ್ರೆ ನನ್ನ ಉತ್ತರ ಇಷ್ಟೇ, ಫಸ್ಟ್ ಲೆಗ್‌ನಲ್ಲಿ ಅವರು ಚಾನ್ಸ್ ಮಾಡ್ಕೊಂಡು ಕಳ್ಕೊಂಡ್ರಾ, ಅಥವಾ ಚಾನ್ಸೇ ಮಾಡ್ಕೊಳ್ಳಲಿಲ್ವಾ. ಮೊದಲನೇದಾದ್ರೆ ಆಸೆ ಇಟ್ಕೊಳ್ಳಿ.

ಇನ್ನೊಂದು ಗೊಂದಲ ಬಿಡಿಸ್ಬೇಕು. ‘ಸೆಕೆಂಡ್ ಲೆಗ್ ಯಾರು ಗೆಲ್ತಾರೆ’ ಅನ್ನೋದು ಬೇರೆ, ‘ಯಾರು ದಾಟ್ತಾರೆ’ ಅನ್ನೋದು ಬೇರೆ. ಅದೇ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ಡಾರ್ಟ್‌ಮುಂಡ್‌ನ 4-0 ಸೋಲಿಸಿ ಅಲ್ಲಿಗೆ ಹೋಯ್ತು, ಡಾರ್ಟ್‌ಮುಂಡ್‌ನ ಗಿರಾಸಿ ಹ್ಯಾಟ್ರಿಕ್ ಹೊಡೆದ, ಬಾರ್ಸಿಲೋನಾ 1-3 ಸೋತ್ರು, ಆದ್ರೂ 5-3 ಅಗ್ರಿಗೇಟ್‌ನಲ್ಲಿ ಸೆಮಿಫೈನಲ್‌ಗೆ ಹೋದ್ರು. ಆ ಸೋಲನ್ನ ಮುಂದಿನ ರೌಂಡ್‌ನ ಫಾರ್ಮ್ ಗೈಡ್‌ನಲ್ಲಿ ಕೆಂಪು ಚುಕ್ಕೆ ಮಾಡಿ ಹಾಕಿದ್ರೆ ಅದು ಓದೋನಿಗೆ ಮೋಸ.

ವಾಪಸ್ ನಿಮ್ಮ ಮ್ಯಾಚ್‌ಗೆ. ಮಾರ್ಚ್ 11ಕ್ಕೆ ಆನ್‌ಫೀಲ್ಡ್‌ನಲ್ಲಿ 12ನೇ ನಿಮಿಷಕ್ಕೇ ಕೊನಾಟೆ-ಆಲಿಸನ್ ನಡುವೆ ಗೊಂದಲ ಆಗಿ ಡೆಂಬೆಲೆ ಗೋಲ್, ಆಮೇಲೆ 108 ನಿಮಿಷ ಗೋಲ್ ಇಲ್ಲ, ಲಿವರ್‌ಪೂಲ್‌ನ ಕ್ವಾನ್ಸಾ ಒಂದು ಪೋಸ್ಟ್‌ಗೆ ಹೊಡೆದ, ಪೆನಾಲ್ಟಿ ಶೂಟ್‌ಔಟ್‌ನಲ್ಲಿ ಪಿಎಸ್‌ಜಿ ಕೀಪರ್ ಡೊನ್ನರುಮ್ಮಾ ನೂನ್ಯೆಸ್ ಮತ್ತೆ ಕರ್ಟಿಸ್ ಜೋನ್ಸ್ ಇಬ್ಬರದ್ದೂ ಹಿಡಿದ, ಪಿಎಸ್‌ಜಿಗೆ 4-1. ಹಂಗಾಗಿ ಫಸ್ಟ್ ಲೆಗ್ ನಂಬರ್ ಪಿಎಸ್‌ಜಿ ಗೆಲುವನ್ನ ‘ಮೊದಲೇ ಹೇಳಿತ್ತು’ ಅಂತ ನಾನೂ ಹೇಳಲ್ಲ. ಆ ಪೋಸ್ಟ್‌ನದ್ದು ಎರಡು ಇಂಚು ಒಳಗೆ ಹೋಗಿದ್ರೆ ಇವತ್ತು ನೀವು ಬೇರೆ ಪ್ರಶ್ನೆ ಕೇಳ್ತಿದ್ರಿ. ನಂಬರ್ ಹೇಳಿದ್ದು ಇಷ್ಟೇ, ಲಿವರ್‌ಪೂಲ್ ಫೇವರಿಟ್ ಹೌದು ಆದ್ರೆ 80-20 ಅಲ್ಲ, 55-45 ಅಂತ. 55-45 ಅಂದ್ಮೇಲೆ 45 ಬಂದ್ರೆ ಅದು ಆಶ್ಚರ್ಯ ಅಲ್ಲ. ದುಡ್ಡು ಕಟ್ಟೋಕೆ ಅಂತ ಕೇಳ್ತಿದ್ರೆ ಮಾತ್ರ ದಯವಿಟ್ಟು ನನ್ನ ಬಿಟ್ಟುಬಿಡಿ, ಅದೇ ಕಾರಣಕ್ಕೆ.

ಕೊನೇದಾಗಿ ಪ್ರಾಕ್ಟಿಕಲ್ ವಿಷ್ಯ. ಮಾರ್ಚ್ ನಡುವಿನ ತನಕ ಹೆಚ್ಚಿನ ಮ್ಯಾಚ್ ನಮಗೆ ರಾತ್ರಿ 1:30ಕ್ಕೆ, ಯುರೋಪ್‌ನಲ್ಲಿ ಗಡಿಯಾರ ತಿರುಗಿಸಿದ್ಮೇಲೆ ಏಪ್ರಿಲ್‌ನಿಂದ 12:30ಕ್ಕೆ. ಲೈನಪ್ ಸುಮಾರು ಒಂದೂಕಾಲು ಗಂಟೆ ಮುಂಚೆ ಬರತ್ತೆ. ಸಂಜೆ ಬಂದ ಪ್ರಿವ್ಯೂ ಬರೆದೋರಿಗೆ ಗೊತ್ತಿಲ್ಲದ ಒಂದೇ ವಿಷ್ಯ ಅದು, ಯಾರು ಇಲ್ಲ, ಯಾರನ್ನ ಎಲ್ಲಿ ಆಡಿಸ್ತಿದ್ದಾರೆ, ಹಿಂದಿರೋ ಟೀಮ್ ಡಿಫೆಂಡರ್ ಒಬ್ಬನ್ನ ಕಮ್ಮಿ ಮಾಡಿ ಇನ್ನೊಬ್ಬ ಸ್ಟ್ರೈಕರ್ ಹಾಕಿದ್ಯಾ. ರೋಮಾ ಆವತ್ತು ಹಿಂದೆ ಮೂರು ಜನ ನಿಲ್ಲಿಸಿ ಮುಂದೆ ಜೆಕೊ ಜೊತೆ ಶಿಕ್‌ನ ಇಳಿಸಿದ್ದು ಆ ಲೈನಪ್ ಬಂದಾಗ್ಲೇ ಗೊತ್ತಾಗಿದ್ದು. ಅಲಾರಂ ಕಿಕ್‌ಆಫ್‌ಗೆ ಇಡೋ ಬದ್ಲು ಅದಕ್ಕಿಟ್ಕೊಳ್ಳಿ.